ಎರೆಭೂಮಿಯಲ್ಲಿ ಬಾಳಿಕೆ ಬರುವ ಕಲ್ಲುಹಾಸಿನ ದಾರಿ

ಎರೆಭೂಮಿಯ ಗ್ರಾಮಗಳಲ್ಲಿ ಮಳೆ ಹಿಡಿದೊಡನೆ ಮೊದಲು ಕೆಡುವುದು ದಾರಿ. ದೊಡ್ಡ ರಸ್ತೆಯಿಂದ ಮನೆಯಂಗಳಕ್ಕೂ ಕಣಕ್ಕೂ ಹೋಗುವ ನೂರು ಇನ್ನೂರು ಅಡಿಗಳ ತುಂಡುದಾರಿಯಲ್ಲಿ ಗಾಲಿಗಳು ಅಚ್ಚಿನವರೆಗೆ ಹೂತು, ಕಾಳು ತುಂಬಿದ ಗಾಡಿಯು ಅಲ್ಲಿಯೇ ನಿಲ್ಲುವುದುಂಟು. ಪೇಟೆಗೆ ಹೋಗಬೇಕಾದ ಫಸಲು ಮನೆಯಲ್ಲಿಯೇ ಮುಗ್ಗುತ್ತದೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ವಾಹನವು ಬಾಗಿಲವರೆಗೆ ಬರಲಾರದು. ಈ ಕಷ್ಟವನ್ನು ತಪ್ಪಿಸಲು ಅನೇಕ ಜಮೀನುದಾರರು ಹಣ ಖರ್ಚುಮಾಡಿ ಕಲ್ಲು ಹಾಸಿಸುತ್ತಾರೆ. ಆದರೆ ಎರಡು ಮೂರು ಮಳೆಗಾಲ ಕಳೆಯುವುದರೊಳಗಾಗಿ ಆ ಕಲ್ಲುಗಳು ಕೆಲವೆಡೆ ಕುಸಿದು, ಕೆಲವೆಡೆ ಉಬ್ಬಿ, ಅಂಚುಗಳಲ್ಲಿ ಸರಿದು, ಮಾಡಿದ ಖರ್ಚೆಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಇಂತಹ ಸಂದರ್ಭದಲ್ಲಿ ದೋಷವನ್ನು ಕಲ್ಲಿನ ಮೇಲಾಗಲಿ ಕೆಲಸಗಾರರ ಮೇಲಾಗಲಿ ಹೊರಿಸುವುದು ವಾಡಿಕೆ. ವಾಸ್ತವವಾಗಿ ದಾರಿ ಕೆಡುವುದಕ್ಕೆ ಮುಖ್ಯ ಕಾರಣವು ಗಾಡಿಯ ಭಾರವೂ ಅಲ್ಲ, ಕಲ್ಲಿನ ದೋಷವೂ ಅಲ್ಲ. ಕೆಳಗಿನ ಮಣ್ಣನ್ನು ಸೇರುವ ನೀರು. ಆದಕಾರಣ ಎರೆಭೂಮಿಯಲ್ಲಿ ದಾರಿ ಮಾಡಿಸುವವರು ಮೊದಲು ನೀರಿಗೆ ಹೊರದಾರಿಯನ್ನೂ, ಆಮೇಲೆ ಗಟ್ಟಿಯಾದ ತಳವನ್ನೂ, ಎಲ್ಲಕ್ಕಿಂತ ಕೊನೆಗೆ ಹಾಸುವ ಕಲ್ಲನ್ನೂ ಕುರಿತು ಯೋಚಿಸತಕ್ಕದ್ದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎರೆಮಣ್ಣಿನ ಸ್ವಭಾವ

ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ವಿಸ್ತಾರವಾಗಿಯೂ, ಚಿತ್ರದುರ್ಗ, ಚಾಮರಾಜನಗರ ಮುಂತಾದ ಕಡೆಗಳಲ್ಲಿ ಅಲ್ಲಲ್ಲಿಯೂ ಇರುವ ಕಪ್ಪು ಎರೆಮಣ್ಣು ಹತ್ತಿಗೂ ಬಿಳಿಜೋಳಕ್ಕೂ ಕಡಲೆಗೂ ಉತ್ತಮವಾದುದು. ನೀರನ್ನು ಬಹುಕಾಲ ಹಿಡಿದಿಡುವ ಗುಣವೇ ಅದರ ಹಿರಿಮೆ. ಹೊಲಕ್ಕೆ ಉಪಕಾರವಾದ ಈ ಗುಣವೇ ದಾರಿಗೆ ಅಪಕಾರ.

ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಬಹು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಅಡಕಿದಂತೆ ಇರುತ್ತವೆ. ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವು ಇದರಲ್ಲಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಹಾಳೆಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ; ನೀರು ಆರಿದರೆ ಕುಗ್ಗುತ್ತದೆ. ಬೇಸಗೆಯಲ್ಲಿ ಎರೆಹೊಲದಲ್ಲಿ ಕಾಣುವ, ಹಲವು ಅಡಿ ಆಳಕ್ಕೆ ಇಳಿಯುವ ಬಿರುಕುಗಳು ಈ ಕುಗ್ಗುವಿಕೆಯಿಂದಲೇ ಆದುವು. ಇದಲ್ಲದೆ, ಒಣಗಿದಾಗ ಕಲ್ಲಿನಂತಿರುವ ಇದೇ ಮಣ್ಣು ನೆನೆದಾಗ ಭಾರ ಹೊರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.

ದಾರಿಯ ನಡುಭಾಗದ ಮಣ್ಣು ಮೇಲಿನ ಹೊದಿಕೆಯಿಂದಾಗಿ ಹೆಚ್ಚು ಕಡಿಮೆ ಒಂದೇ ಹದದಲ್ಲಿರುತ್ತದೆ. ಅಂಚಿನ ಮಣ್ಣಾದರೋ ಮಳೆಗಾಲದಲ್ಲಿ ನೆನೆದು ಬೇಸಗೆಯಲ್ಲಿ ಬಿರಿಯುತ್ತದೆ. ಕಲ್ಲುಗಳು ಅಂಚಿನಲ್ಲಿಯೇ ಮೊದಲು ಸಡಿಲವಾಗುವುದಕ್ಕೆ ಇದೇ ಕಾರಣ.

ಮಣ್ಣಿನ ಪರೀಕ್ಷೆ

ಮಣ್ಣು ಎಷ್ಟು ಉಬ್ಬತಕ್ಕದ್ದೆಂಬುದನ್ನು ಸುಲಭವಾದ ಪರೀಕ್ಷೆಯಿಂದ ತಿಳಿಯಬಹುದು. ಒಂದು ಅಡಿ ಆಳದಿಂದ ತೆಗೆದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ನುಣ್ಣನೆಯ ಜರಡಿಯಲ್ಲಿ ಹಿಡಿಯಬೇಕು. ಗೆರೆ ಹಾಕಿದ, ನೂರು ಮಿಲಿಲೀಟರು ಹಿಡಿಯುವ ಎರಡು ಗಾಜಿನ ನಳಿಗೆಗಳಲ್ಲಿ ತಲಾ 10 ಗ್ರಾಂ ಮಣ್ಣು ಹಾಕಿ, ಒಂದಕ್ಕೆ ಶುದ್ಧವಾದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಡ್ಡಿಯಿಂದ ಕದಡಿ, 24 ಗಂಟೆ ಅಲುಗಿಸದೆ ಇಡತಕ್ಕದ್ದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನಲ್ಲಿರುವ ಮಣ್ಣಿನ ಮಟ್ಟವು ಸೀಮೆಎಣ್ಣೆಯಲ್ಲಿರುವುದರ ಒಂದೂವರೆಯಷ್ಟನ್ನು ಮೀರಿದರೆ ಎಚ್ಚರಿಕೆ ಅಗತ್ಯ. ಎರಡರಷ್ಟನ್ನು ಮೀರಿದರೆ ಮುಂದೆ ಹೇಳಿರುವ ಯಾವ ಕೆಲಸವನ್ನೂ ಬಿಡಕೂಡದು. ಊರ ಶಾಲೆಯ ಪ್ರಯೋಗಶಾಲೆಯಲ್ಲಿ ಇಂತಹ ನಳಿಗೆಗಳು ಸಾಮಾನ್ಯವಾಗಿ ದೊರೆಯುತ್ತವೆ.

ಕೆಲಸಕ್ಕೆ ತಕ್ಕ ಕಾಲ

ಬೇಸಗೆಯಲ್ಲಿ ನೆಲ ಬಿರಿದಿರುವಾಗ ದಾರಿ ಮಾಡಿದರೆ ಮಳೆಗೆ ಮಣ್ಣು ಉಬ್ಬಿ ಕಲ್ಲುಗಳನ್ನು ಎತ್ತುತ್ತದೆ. ಮಳೆಗಾಲದ ಕೆಸರಿನಲ್ಲಿ ಮಾಡಿದರೆ ಬೇಸಗೆಗೆ ಮಣ್ಣು ಕುಗ್ಗಿ ಕಲ್ಲುಗಳು ಕುಸಿಯುತ್ತವೆ. ಹಿಂಗಾರು ಮುಗಿದು, ಮಣ್ಣು ಕೈಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಹದದಲ್ಲಿರುವ ಡಿಸೆಂಬರ್, ಜನವರಿ ತಿಂಗಳುಗಳೇ ಪ್ರಶಸ್ತ.

ಹೊಂಡ ತೋಡುವುದರ ಕೇಡು

ಮಣ್ಣು ಕೆಟ್ಟದ್ದೆಂದು ತಿಳಿದು ಎರಡು ಮೂರು ಅಡಿ ಆಳಕ್ಕೆ ಅಗೆದು, ಆ ಹೊಂಡವನ್ನು ಮರಳಿನಿಂದಲೋ ದಪ್ಪ ಜಲ್ಲಿಯಿಂದಲೋ ತುಂಬಿಸುವ ಪದ್ಧತಿಯು ಹಲವೆಡೆ ಇದೆ. ಮೇಲುನೋಟಕ್ಕೆ ಇದು ಸರಿಯೆಂದು ಕಂಡರೂ ಎರೆಭೂಮಿಯಲ್ಲಿ ಇದರಷ್ಟು ಹಾನಿಕರವಾದುದು ಬೇರೊಂದಿಲ್ಲ. ಸುತ್ತಲಿನ ಜೇಡಿ ನೀರನ್ನು ಬಿಡುವುದಿಲ್ಲವಾದುದರಿಂದ ಆ ಹೊಂಡವು ದಾರಿಯ ಕೆಳಗೆ ಒಂದು ಬಾನಿಯಂತಾಗುತ್ತದೆ. ಮರಳಿನ ಸಂದುಗಳಲ್ಲಿ ನಿಂತ ನೀರು ತಳದ ಮಣ್ಣನ್ನು ತಿಂಗಳುಗಟ್ಟಲೆ ನೆನೆಸುತ್ತದೆ.

ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಎರೆಮಣ್ಣನ್ನು ಕುರಿತು ನಡೆಸಿದ ಸಂಶೋಧನೆಯಿಂದ ಈ ವಿಷಯದಲ್ಲಿ ಬಹು ಉಪಯುಕ್ತವಾದ ತತ್ವವೊಂದು ಸ್ಪಷ್ಟವಾಯಿತು. ಉಬ್ಬುವ ಮಣ್ಣಿನ ಮೇಲೆ ಬರಿಯ ಮರಳಿಗಿಂತ, ತಾನು ಉಬ್ಬದೆ ಅಂಟಿಕೊಂಡು ನಿಲ್ಲುವ ಗರಸಿನಂತಹ ಮಣ್ಣಿನ ಪದರವು ಉಬ್ಬುವಿಕೆಯನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆಯೆಂಬುದೇ ಆ ತತ್ವ. ಎರೆಭೂಮಿಯ ನೀರಾವರಿ ಕಾಲುವೆಗಳಲ್ಲಿ ಇದನ್ನು ಅನುಸರಿಸಲಾಗಿದೆ. ದಾರಿಗೂ ಇದು ಅನ್ವಯಿಸುತ್ತದೆ.

ಹೀಗಿರುವುದರಿಂದ ದಾರಿಯನ್ನು ನೆಲದೊಳಗೆ ಹೂಳದೆ, ನೆಲದ ಮೇಲೆ ಎತ್ತರಿಸತಕ್ಕದ್ದು.

ಮಟ್ಟ ಮತ್ತು ಚರಂಡಿ

ಮೊದಲು ದಾರಿಯ ಎರಡೂ ಪಕ್ಕಗಳಲ್ಲಿ ಗೂಟ ನೆಟ್ಟು, ದಾರ ಕಟ್ಟಿ, ರಸಮಟ್ಟದಿಂದ ಮಟ್ಟವನ್ನು ಗುರುತಿಸಬೇಕು. ದಾರಿ ಪೂರ್ತಿಯಾದ ಮೇಲೆ ಸುತ್ತಲಿನ ನೆಲಕ್ಕಿಂತ ಸುಮಾರು 15 ಅಂಗುಲ ಎತ್ತರವಾಗುವುದು. ಆದಕಾರಣ ಮನೆಯ ಕಡೆ ದಾರಿಯು ಹೊಸ್ತಿಲಿಗಿಂತ ಕೆಳಗಿರುವಂತೆಯೂ, ದಾರಿಯ ಮೇಲಿನ ನೀರು ಅಂಗಳದೊಳಕ್ಕೆ ಹರಿಯದಂತೆಯೂ ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ಹುಲ್ಲು ಬೇರುಗಳಿರುವ ಮೇಲ್ಮಣ್ಣನ್ನು 4 ಅಂಗುಲ ಮಾತ್ರ ಕೆತ್ತಿ ತೆಗೆಯಬೇಕು. ಕೆತ್ತಿದ ನೆಲವು ನಡುವೆ ಎತ್ತರವಾಗಿ, ಎರಡೂ ಕಡೆಗೆ ಚರಂಡಿಯವರೆಗೆ ಇಳಿಜಾರಾಗಿರಬೇಕು. ದಾರಿಯ ಅಂಚಿನಿಂದ 3 ಅಡಿ ದೂರದಲ್ಲಿ ಎರಡೂ ಪಕ್ಕಗಳಲ್ಲಿ ಚರಂಡಿ ತೆಗೆಯತಕ್ಕದ್ದು. ಅದರ ತಳವು ದಾರಿಯ ತಳಕ್ಕಿಂತ ಕನಿಷ್ಠ ಒಂದು ಅಡಿ ಕೆಳಗಿರಬೇಕು. ನೂರು ಅಡಿಗೆ ಒಂದು ಅಡಿಯಂತೆ ವಾಟವಿರಬೇಕು. ಮಣ್ಣಿನ ಚರಂಡಿಯಲ್ಲಿ ನೀರು ನಿಂತರೆ ಲಾಭಕ್ಕಿಂತ ನಷ್ಟವೇ ಹೆಚ್ಚಾದುದರಿಂದ ತಳಕ್ಕೂ ಪಕ್ಕಗಳಿಗೂ ಕಲ್ಲು ಕಟ್ಟಿಸಿ ಸಂದುಗಳನ್ನು ಗಾರೆಯಿಂದ ಮುಚ್ಚುವುದು ಲೇಸು.

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ ಎಂಬಾತನು ಜಲ್ಲಿರಸ್ತೆಗಳನ್ನು ಪ್ರಚಾರಕ್ಕೆ ತಂದಾಗ ಅವನು ಒತ್ತಿ ಹೇಳಿದ ಮಾತೂ ಇದೇ: ಭಾರವನ್ನು ಹೊರುವುದು ಕೆಳಗಿನ ನೆಲ, ಆ ನೆಲವನ್ನು ಒಣಗಿಸಿಟ್ಟರೆ ರಸ್ತೆ ಉಳಿಯುತ್ತದೆ.

ನೆರೆಯವರ ಹೊಲ

ಎತ್ತರಿಸಿದ ದಾರಿಯು ಹರಿಯುವ ನೀರಿಗೆ ಒಡ್ಡಾಗುತ್ತದೆ. ಮೇಲುಗಡೆಯ ಹೊಲದಲ್ಲಿ ನೀರು ನಿಂತರೆ ಕಡಲೆ, ಜೋಳಗಳ ಬೇರು ಕೊಳೆಯುತ್ತದೆ. ಚರಂಡಿಯ ಬಾಯಿಯನ್ನು ಕೆಳಗಿನ ಹೊಲಕ್ಕೆ ತಿರುಗಿಸಿದರೆ ಅಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ಇಂತಹ ಸಣ್ಣ ಕಾರಣಗಳಿಂದ ಹುಟ್ಟಿದ ವ್ಯಾಜ್ಯಗಳು ತಲೆಮಾರುಗಳವರೆಗೆ ನಡೆಯುವುದುಂಟು. ಆದಕಾರಣ ಊರ ಮುಖಂಡರು ಕೆಲಸ ಪ್ರಾರಂಭವಾಗುವ ಮೊದಲೇ ಎರಡೂ ಕಡೆಯ ಹಿಡುವಳಿದಾರರನ್ನು ಕರೆಯಿಸಿ, ಮಳೆನೀರು ಹಿಂದಿನಿಂದ ಯಾವ ಕಡೆಗೆ ಹರಿಯುತ್ತಿತ್ತೆಂಬುದನ್ನು ಸ್ಥಳದಲ್ಲಿಯೇ ನೋಡಿ, ಅಲ್ಲಲ್ಲಿ ದಾರಿಯ ಅಡ್ಡಲಾಗಿ ಮೋರಿಗಳನ್ನು ಇಡಿಸತಕ್ಕದ್ದು. ಚರಂಡಿಯ ನೀರನ್ನು ಹಳ್ಳಕ್ಕೋ ಕೆರೆಗೋ ಕೃಷಿಹೊಂಡಕ್ಕೋ ಸೇರಿಸುವುದು ಉತ್ತಮ. ದಾರಿಯು ದೊಡ್ಡ ರಸ್ತೆಯನ್ನು ಸೇರುವ ಕಡೆ ರಸ್ತೆಯ ಚರಂಡಿಯನ್ನು ಮಣ್ಣಿನಿಂದ ಮುಚ್ಚದೆ, ಪಂಚಾಯತಿಯ ಅಥವಾ ರಸ್ತೆಗೆ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು, ಸಾಕಷ್ಟು ಅಗಲವಾದ ಸಿಮೆಂಟ್ ಕೊಳವೆಯನ್ನು ಹಾಕಿಸಬೇಕು.

ಸುಣ್ಣದಿಂದ ಮಣ್ಣನ್ನು ಹದಗೊಳಿಸುವುದು

ಕೆತ್ತಿದ ನೆಲದ ಮೇಲಿನ 6 ಅಂಗುಲ ಮಣ್ಣಿಗೆ ಸುಣ್ಣ ಬೆರಸಿದರೆ ಅದರ ಅಂಟು ತಗ್ಗಿ, ಉಬ್ಬುವ ಗುಣವು ಬಹಳ ಕಡಿಮೆಯಾಗುತ್ತದೆ. ಮೊದಲು ಜೇಡಿಯ ಕಣಗಳು ಒಟ್ಟುಗೂಡಿ ಮಣ್ಣು ಪುಡಿಪುಡಿಯಾಗುತ್ತದೆ. ಅನಂತರ ವಾರಗಟ್ಟಲೆ ನಡೆಯುವ ಕ್ರಿಯೆಯಿಂದ ಕಣಗಳು ಗಾರೆಯಂತೆ ಬಿಗಿದುಕೊಳ್ಳುತ್ತವೆ. ಒಣ ಮಣ್ಣಿನ ತೂಕದಲ್ಲಿ ನೂರಕ್ಕೆ 5 ಪಾಲಿನಷ್ಟು ಅರಳಿದ ಸುಣ್ಣದ ಹಿಟ್ಟು ಸಾಮಾನ್ಯವಾಗಿ ಸಾಕು. ಗಾಳಿಗೆ ಬಹುದಿನ ತೆರೆದಿಟ್ಟ ಹಳೆಯ ಸುಣ್ಣವು ನಿಷ್ಪ್ರಯೋಜಕ.

ಮಣ್ಣನ್ನು ರೋಟವೇಟರಿನಿಂದ ಅಥವಾ ಕುಂಟೆಯಿಂದ ಹೆಂಟೆಗಳಿಲ್ಲದಂತೆ ಪುಡಿಮಾಡಿ, ಸುಣ್ಣವನ್ನು ಸಮನಾಗಿ ಹರಡಿ, ನೀರು ಚಿಮುಕಿಸುತ್ತ ಬಣ್ಣವು ಒಂದೇ ಸಮನಾಗುವವರೆಗೆ ಬೆರಸಬೇಕು. ಒಂದು ದಿನ ಹಾಗೆಯೇ ಬಿಟ್ಟು, ಮತ್ತೊಮ್ಮೆ ಬೆರಸಿ, ರೋಲರಿನಿಂದ ಗಟ್ಟಿಮಾಡಿ, 7 ದಿನ ತೇವ ಆರದಂತೆ ನೋಡಿಕೊಳ್ಳತಕ್ಕದ್ದು. ಸುಣ್ಣವು ಕಣ್ಣನ್ನೂ ಚರ್ಮವನ್ನೂ ಸುಡುವುದರಿಂದ ಕೆಲಸಗಾರರು ಕಣ್ಣಿಗೂ ಕೈಕಾಲುಗಳಿಗೂ ರಕ್ಷಣೆಯಿಲ್ಲದೆ ಅದನ್ನು ಮುಟ್ಟಕೂಡದು. ಗಾಳಿ ಬೀಸುವಾಗ ಹರಡಕೂಡದು. ಸುಣ್ಣ ದೊರೆಯದ ಕಡೆ ಮುಂದೆ ಹೇಳುವ ಗರಸಿನ ಪದರವನ್ನು 9 ಅಂಗುಲಕ್ಕೆ ಬದಲಾಗಿ 15 ಅಂಗುಲಕ್ಕೆ ಹೆಚ್ಚಿಸಬೇಕು. ಆಗ ದಾರಿಯ ಎತ್ತರವೂ ಅಷ್ಟೇ ಹೆಚ್ಚುವುದನ್ನು ಮಟ್ಟ ಹಿಡಿಯುವಾಗ ಗಮನಿಸತಕ್ಕದ್ದು.

ಗರಸು ಮತ್ತು ಜಲ್ಲಿ

ಸುಣ್ಣದ ಪದರದ ಮೇಲೆ 9 ಅಂಗುಲ ಗರಸು, ಅದರ ಮೇಲೆ 6 ಅಂಗುಲ ಜಲ್ಲಿ ಹಾಕತಕ್ಕದ್ದು. ಈ ಎರಡು ಪದರಗಳೂ ದಾರಿಯ ಅಂಚಿನಿಂದಾಚೆಗೆ ಎರಡೂ ಕಡೆ ಒಂದೊಂದು ಅಡಿ ಹೊರಚಾಚಿರಬೇಕು. ಗರಸು ಒದ್ದೆಮಾಡಿ ಹಿಡಿದರೆ ಉಂಡೆಯಾಗಬೇಕು; ಆದರೆ ಎರೆಯಂತೆ ಕೈಗೆ ಜಿಡ್ಡಾಗಿ ಅಂಟಬಾರದು. ಜಲ್ಲಿಯಲ್ಲಿ ದಪ್ಪದೂ ಸಣ್ಣದೂ ಕಲ್ಲುಪುಡಿಯೂ ಬೆರೆತಿದ್ದು, ಒಂದರ ಸಂದನ್ನು ಇನ್ನೊಂದು ತುಂಬುವಂತಿರಬೇಕು.

ಪ್ರತಿಯೊಂದನ್ನೂ ಒಮ್ಮೆಗೆ 6 ಅಂಗುಲಕ್ಕಿಂತ ಹೆಚ್ಚು ಹರಡದೆ, ನೀರು ಹನಿಸಿ, 8 ಟನ್ನಿನ ರೋಲರನ್ನು ಅಂಚಿನಿಂದ ನಡುವಿನ ಕಡೆಗೆ ಎಂಟು ಹತ್ತು ಸಲ ಓಡಿಸಬೇಕು. ಪದರವು ಗಟ್ಟಿಯಾಯಿತೇ ಎಂಬುದನ್ನು ತಿಳಿಯಲು ಭಾರ ತುಂಬಿದ ಟ್ರ್ಯಾಕ್ಟರ್ ಗಾಡಿಯನ್ನು ಅದರ ಮೇಲೆ ನಿಧಾನವಾಗಿ ನಡೆಸಿ ನೋಡತಕ್ಕದ್ದು. ಗಾಲಿಯ ಕೆಳಗೆ ನೆಲವು ಇಳಿದರೆ ಅಥವಾ ಪಕ್ಕದಲ್ಲಿ ಉಬ್ಬಿದರೆ ಆ ಜಾಗವನ್ನು ಅಗೆದು ಸರಿಪಡಿಸಿದ ಹೊರತು ಮುಂದುವರಿಯಬಾರದು. ಮೇಲೆ ಕಲ್ಲು ಹಾಸಿದ ಮಾತ್ರಕ್ಕೆ ತಳದ ದೋಷವು ಮರೆಯಾಗುವುದೇ ಹೊರತು ನಿವಾರಣೆಯಾಗುವುದಿಲ್ಲ.

ಸಂದುಗಳಿಂದ ಇಳಿದ ನೀರು ಜಲ್ಲಿಯಲ್ಲಿ ನಿಲ್ಲದಂತೆ, ಪ್ರತಿ 15 ಅಡಿಗೊಂದರಂತೆ ಜಲ್ಲಿಯ ಪದರದಿಂದ ಚರಂಡಿಯವರೆಗೆ ಒಂದಡಿ ಅಗಲದ ಸೀಳುಗಾಲುವೆ ತೆಗೆದು ಜಲ್ಲಿ ತುಂಬಿಸಬೇಕು. ಉಳಿದ ಪಕ್ಕವನ್ನು ಗರಸಿನಿಂದ ಮುಚ್ಚಿ, ಚರಂಡಿಯ ಕಡೆಗೆ ಇಳಿಜಾರು ಮಾಡಿ ಗಟ್ಟಿಮಾಡಬೇಕು.

ಅಂಚುಗಲ್ಲು ಮತ್ತು ಹಾಸುಗಲ್ಲು

ಅಂಚುಗಲ್ಲಿಲ್ಲದ ಹಾಸು ದಾರವಿಲ್ಲದ ಹಾರದಂತೆ. ಗಾಲಿಗಳು ಒತ್ತಿದಂತೆಲ್ಲ ಕಲ್ಲುಗಳು ಪಕ್ಕಕ್ಕೆ ಸರಿದು ಸಂದುಗಳು ಬಾಯಿಬಿಡುತ್ತವೆ. ಆ ಸಂದುಗಳಿಂದ ನೀರು ಇಳಿಯುತ್ತದೆ. ಆದಕಾರಣ ಎರಡೂ ಅಂಚುಗಳಲ್ಲಿ ಒಂದು ಅಡಿ ಎತ್ತರದ ಕಲ್ಲನ್ನು ಜಲ್ಲಿಯ ಪದರದೊಳಗೆ ಹೂತು, ಹೊರಬದಿಗೆ ಕಾಂಕ್ರೀಟ್ ಆನಿಸಿ, 7 ದಿನ ನೀರುಣ್ಣಿಸಬೇಕು.

ಹಾಸುವುದಕ್ಕೆ ಅಗಲವಾದ ತೆಳು ಚಪ್ಪಡಿಗಳು ತಕ್ಕವಲ್ಲ. ಶಹಾಬಾದಿನ ಹಾಸುಗಲ್ಲು ಪಡಸಾಲೆಗೂ ಕಾಲುದಾರಿಗೂ ಒಳ್ಳೆಯದು. ಆದರೆ ಒಂದೆರಡು ಅಂಗುಲ ದಪ್ಪದ ಅಗಲವಾದ ಕಲ್ಲು ಟ್ರ್ಯಾಕ್ಟರಿನ ಗಾಲಿಗೆ ಸೀಳುತ್ತದೆ. ನಾಲ್ಕು ಅಂಗುಲ ಘನದ ಗ್ರಾನೈಟ್ ಕಲ್ಲು, ಅಥವಾ ಒಂದಕ್ಕೊಂದು ಹೆಣೆದುಕೊಳ್ಳುವ 80 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಕಲ್ಲು ಉತ್ತಮ. 60 ಮಿಲಿಮೀಟರಿನ ಕಲ್ಲು ಕಾಲುನಡಿಗೆಗೂ ಹಗುರವಾದ ವಾಹನಕ್ಕೂ ಮಾತ್ರ ತಕ್ಕುದು. ಚಿಕ್ಕದಾದ ದಪ್ಪ ಕಲ್ಲುಗಳು ನೆಲವು ಅಲ್ಪಸ್ವಲ್ಪ ಅಲುಗಿದರೂ ಒಡೆಯದೆ ಹೊಂದಿಕೊಳ್ಳುತ್ತವೆ. ಕೆಟ್ಟರೆ ಎತ್ತಿ ಮತ್ತೆ ಹಾಸಬಹುದು.

ಹಾಸುವ ಕ್ರಮ

ಜಲ್ಲಿಯ ಮೇಲೆ ಮಣ್ಣಿಲ್ಲದ ದಪ್ಪ ಮರಳನ್ನು ಒಂದೂಕಾಲು ಅಂಗುಲ ಹರಡಿ ಮಟ್ಟಗೋಲಿನಿಂದ ಎಳೆಯಬೇಕು. ಎಳೆದ ಮೇಲೆ ಅದನ್ನು ಯಾರೂ ತುಳಿಯಬಾರದು. ಜಲ್ಲಿಯ ಮೇಲಿನ ಉಬ್ಬುತಗ್ಗುಗಳನ್ನು ಮರಳಿನಿಂದ ಸರಿದೂಗಿಸುವುದು ದೊಡ್ಡ ತಪ್ಪು. ಮರಳು ಹೆಚ್ಚಿದ ಕಡೆಯೇ ಮುಂದೆ ಕುಳಿ ಬೀಳುತ್ತದೆ. ಹತ್ತು ಅಡಿ ಅಗಲದ ದಾರಿಯ ನಡುಭಾಗವು ಅಂಚುಗಳಿಗಿಂತ ಒಂದೂವರೆ ಅಂಗುಲ ಎತ್ತರವಾಗಿರಬೇಕು.

ಉದ್ದನೆಯ ಕಾಂಕ್ರೀಟ್ ಕಲ್ಲುಗಳನ್ನು ಸಾಲಾಗಿ ಇಡದೆ, ಮೀನಿನ ಮುಳ್ಳಿನಂತೆ ಒಂದನ್ನೊಂದು ತಡೆಯುವ ಹಾಗೆ ಓರೆಯಾಗಿ ಜೋಡಿಸಿದರೆ ಗಾಲಿಯ ಒತ್ತಡಕ್ಕೆ ಸರಿಯುವುದಿಲ್ಲ. ಸಂದುಗಳು 2ರಿಂದ 4 ಮಿಲಿಮೀಟರ್ ಇದ್ದರೆ ಸಾಕು. ಹಾಸಿದ ಮೇಲೆ ಅದುರುವ ತಟ್ಟೆಯ ಯಂತ್ರವನ್ನು ಎರಡು ಸಲ ಓಡಿಸಿ, ಒಣಗಿದ ಸಣ್ಣ ಮರಳನ್ನು ಸಂದುಗಳಿಗೆ ಗುಡಿಸಿ, ಮತ್ತೆ ಯಂತ್ರವನ್ನು ಓಡಿಸಿ, ಸಂದುಗಳು ತುಂಬಿ ನಿಲ್ಲುವವರೆಗೆ ಹೀಗೆಯೇ ಮಾಡತಕ್ಕದ್ದು. ಗ್ರಾನೈಟ್ ಕಲ್ಲುಗಳನ್ನು ಕೊಡತಿಯಿಂದ ಒಂದೊಂದಾಗಿ ಬಡಿದು ಕೂರಿಸಿ, ಸಾಲಿನಿಂದ ಸಾಲಿಗೆ ಸಂದು ತಪ್ಪಿಸಿ ಹಾಸಬೇಕು.

ಸಾಮಗ್ರಿಯ ಅಂದಾಜು

ನೂರು ಅಡಿ ಉದ್ದ, ಹತ್ತು ಅಡಿ ಅಗಲದ ದಾರಿಗೆ ತಳವು 12 ಅಡಿ ಅಗಲವಾಗಿ 1,200 ಚದರಡಿ ಆಗುವುದು. ಇದಕ್ಕೆ ಸುಣ್ಣ ಸುಮಾರು 1,250 ಕಿಲೋಗ್ರಾಂ, ಅಂದರೆ 50 ಕಿಲೋಗ್ರಾಮಿನ 25 ಚೀಲ. ಗಟ್ಟಿಮಾಡಿದ ಗರಸು 900 ಘನಅಡಿ. ಗಟ್ಟಿಮಾಡಿದ ಜಲ್ಲಿ 600 ಘನಅಡಿ. ಹಾಸಿನ ಕೆಳಗಿನ ಮರಳು ಸುಮಾರು 105 ಘನಅಡಿ. ಅಂಚುಗಲ್ಲು 200 ಅಡಿ. ಹಾಸುಗಲ್ಲು 1,000 ಚದರಡಿ ಬೇಕಾಗುವುದು. ಗರಸೂ ಜಲ್ಲಿಯೂ ಗಟ್ಟಿಮಾಡಿದಾಗ ಕುಗ್ಗುವುದರಿಂದ ತರಿಸುವಾಗ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಿ ತರಿಸತಕ್ಕದ್ದು. ಪಕ್ಕದ ಇಳಿಜಾರಿಗೆ ಬೇಕಾದ ಗರಸೂ ಸೀಳುಗಾಲುವೆಗಳ ಜಲ್ಲಿಯೂ ಈ ಲೆಕ್ಕದಲ್ಲಿ ಸೇರಿಲ್ಲ.

ಹಣ ಸಾಲದಿದ್ದರೆ

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿಸಲು ಶಕ್ತಿಯಿಲ್ಲದವರು ತಳವನ್ನು ತೆಳುಮಾಡಿ ಮೇಲೆ ಬೆಲೆಬಾಳುವ ಕಲ್ಲನ್ನು ಹಾಸಿಸುವುದು ಸರಿಯಲ್ಲ. ಮೊದಲನೆಯ ವರ್ಷ ಚರಂಡಿ, ಮೋರಿ, ಸುಣ್ಣದ ಪದರ, ಗರಸು ಇಷ್ಟನ್ನೇ ಮಾಡಿಸಿ, ಅದರ ಮೇಲೆಯೇ ಗಾಡಿ ಓಡಿಸಬಹುದು. ಒಂದು ಮಳೆಗಾಲ ಕಳೆದಾಗ ನೀರು ಎಲ್ಲಿ ನಿಲ್ಲುತ್ತದೆ, ನೆಲ ಎಲ್ಲಿ ಇಳಿಯುತ್ತದೆ ಎಂಬುದು ತಾನಾಗಿಯೇ ತೋರುತ್ತದೆ. ಆ ಊನಗಳನ್ನು ಸರಿಪಡಿಸಿ ಎರಡನೆಯ ವರ್ಷ ಜಲ್ಲಿ ಹಾಕಿ ಕಲ್ಲು ಹಾಸಿದರೆ ಕೆಲಸವು ಇನ್ನೂ ಭದ್ರವಾಗುವುದು. ಕಲ್ಲಿಲ್ಲದ ಒಳ್ಳೆಯ ತಳದ ಮೇಲೆ ಗಾಡಿ ನಡೆಯುತ್ತದೆ. ತಳವಿಲ್ಲದ ಒಳ್ಳೆಯ ಕಲ್ಲಿನ ಮೇಲೆ ಬಹುಕಾಲ ನಡೆಯದು.

ಪಾಲನೆ

ಮುಂಗಾರಿಗೆ ಮೊದಲು ಪ್ರತಿ ವರ್ಷವೂ ಚರಂಡಿ ಮೋರಿಗಳ ಹೂಳನ್ನು ತೆಗೆಸಬೇಕು. ಸಂದುಗಳಲ್ಲಿ ಮರಳು ಕಡಿಮೆಯಾಗಿದ್ದರೆ ತುಂಬಿಸಬೇಕು. ಹುಲ್ಲು ಹುಟ್ಟಿದ್ದರೆ ಕೀಳಿಸಬೇಕು. ಬಚ್ಚಲ ನೀರು, ದನಗಳ ತೊಟ್ಟಿಯ ನೀರು, ಸೋರುವ ನಲ್ಲಿಯ ನೀರು ದಾರಿಯ ಪಕ್ಕದಲ್ಲಿ ಇಂಗಲು ಬಿಡಕೂಡದು. ಬೇವು, ಹುಣಸೆಯಂತಹ ದೊಡ್ಡ ಮರಗಳು ಬೇಸಗೆಯಲ್ಲಿ ಜೇಡಿಯೊಳಗಿನ ನೀರನ್ನು ಹೀರಿ ನೆಲವನ್ನು ಕುಗ್ಗಿಸುವುದರಿಂದ, ಹೊಸದಾಗಿ ನೆಡುವ ಮರವನ್ನು ಅದು ಬೆಳೆಯಬಹುದಾದ ಎತ್ತರದಷ್ಟು ದೂರದಲ್ಲಿ ನೆಡತಕ್ಕದ್ದು. ಎಲ್ಲಿಯಾದರೂ ಕುಳಿ ಬಿದ್ದರೆ ಮೇಲೆ ಸಿಮೆಂಟ್ ಬಳಿಯದೆ, ಆ ಭಾಗದ ಕಲ್ಲುಗಳನ್ನು ಎತ್ತಿ, ನೀರು ಬಂದ ದಾರಿಯನ್ನು ಹುಡುಕಿ ಮುಚ್ಚಿ, ತಳವನ್ನು ಗಟ್ಟಿಮಾಡಿ, ಅವೇ ಕಲ್ಲುಗಳನ್ನು ಮತ್ತೆ ಹಾಸಬೇಕು.

ನೆನಪಿನಲ್ಲಿಡತಕ್ಕ ಅಂಶಗಳು

1. ಎರೆಭೂಮಿಯಲ್ಲಿ ದಾರಿಯನ್ನು ಕೆಡಿಸುವುದು ಮುಖ್ಯವಾಗಿ ನೀರು.

2. ದಾರಿಯನ್ನು ನೆಲದ ಮೇಲೆ ಎತ್ತರಿಸಬೇಕು. ಹೊಂಡ ತೋಡಿ ಮರಳು ತುಂಬಕೂಡದು.

3. ಚರಂಡಿಯ ತಳವು ದಾರಿಯ ತಳಕ್ಕಿಂತ ಕೆಳಗಿರಬೇಕು. ಅದರ ನೀರು ನೆರೆಯವರ ಹೊಲಕ್ಕೆ ಹಾನಿ ಮಾಡಕೂಡದು.

4. ಸುಣ್ಣ 6 ಅಂಗುಲ, ಗರಸು 9 ಅಂಗುಲ, ಜಲ್ಲಿ 6 ಅಂಗುಲ. ಪ್ರತಿಯೊಂದನ್ನೂ ಪದರ ಪದರವಾಗಿ ಗಟ್ಟಿಮಾಡಬೇಕು.

5. ಅಂಚುಗಲ್ಲು ಭದ್ರವಾಗಿರಬೇಕು, ಹಾಸುಗಲ್ಲು ಚಿಕ್ಕದಾಗಿಯೂ ದಪ್ಪನಾಗಿಯೂ ಇರಬೇಕು.

6. ಹಣ ಕಡಿಮೆಯಿದ್ದರೆ ಕಲ್ಲನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಚರಂಡಿಯನ್ನೂ ತಳವನ್ನೂ ಬಿಡಕೂಡದು.